ದಿನ ಮೊದಲೋ, ತಿಂಗಳು ಮೊದಲೋ

ಮೇ ಆರು, ರಾತ್ರಿ.

ಆರ್ಡರ್ ಚೀಟಿಯಲ್ಲಿ 5/6 ಎಂದು ಬರೆದವಳು ನಾನೇ. ಜೂನ್ ಐದು ಎಂದು ನನ್ನ ಲೆಕ್ಕ. ಅತ್ತಿಗೆ ಅದನ್ನು ಮೇ ಆರು ಎಂದು ಓದಿಕೊಂಡು, ನಸುಕಿಗೇ ಎದ್ದು ಮೂರಂತಸ್ತಿನ ಕೇಕ್ ಮಾಡಿ ಮುಗಿಸಿದ್ದರು. ನಮ್ಮ ಬೇಕರಿಗೆ ಬಂದ ಮೇಲೆ ಅವರೊಬ್ಬರೇ ಮಾಡಿದ ಮೊದಲ ಕೇಕ್. ಮೇಲೆ ಗುಲಾಬಿ ಅಕ್ಷರದಲ್ಲಿ 'ಅಜ್ಜಿಗೆ ಎಂಬತ್ತು'.

"ತಿಂಗಳೇ ಗೊತ್ತಿಲ್ದೆ ದಿನ ಇಟ್ಕೊಂಡು ಏನ್ ಮಾಡ್ತೀಯ? ನಮ್ಮ ತವರಲ್ಲಿ ತಿಂಗಳೇ ಮೊದಲು," ಎಂದರು ಅತ್ತಿಗೆ.

"ದಿನಾ ಬದಲಾಗೋದು ದಿನ ತಾನೇ ಅತ್ತಿಗೆ, ಅದೇ ಮೊದಲು ಕಾಣ್ಬೇಕು," ಎಂದೆ ನಾನು.

"ತಿಂಗಳ ಹೆಸರು ಬರೆದ್ರೆ ನಿಮ್ಮ ಕೈ ಸವೆದುಹೋಗುತ್ತಾ?" ಎಂದು ಅಣ್ಣ ಇಬ್ಬರಿಗೂ ಬೈದ.

ಅತ್ತಿಗೆಯ ಕಣ್ಣು ತುಂಬಿದ್ದನ್ನು ಕಂಡು ವಾದ ಬಿಟ್ಟು ಗಿರಾಕಿಯ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಖುದ್ದು ಅಜ್ಜಿ.

"ಕೇಕ್ ರೆಡಿ ಇದೆ ಅಂತೀಯ, ಒಂದು ತಿಂಗಳು ಕಾಯಿರಿ ಅಂತಲೂ ಅಂತೀಯ. ಇರು, ಬಂದೆ."

ಬಂದೇಬಿಟ್ಟರು. ಹಿಟ್ಟಿನ ಮೂಟೆಯ ಮೇಲೆ ಕೂತು ಎರಡು ತುಂಡು ತಿಂದರು, ಬೆರಳಿಗಂಟಿದ ಕೆನೆಯನ್ನೂ ಬಿಡಲಿಲ್ಲ.

"ಇದು ನಂದು. ಮನೆಯವರಿಗೆ ಇನ್ನೊಂದು ಬೇಕು, ಅದನ್ನೂ ಈ ಹುಡುಗಿಯೇ ಮಾಡ್ಲಿ," ಎಂದು ಅತ್ತಿಗೆಯ ಕೆನ್ನೆ ತಟ್ಟಿದರು. ಆಗ ಅತ್ತಿಗೆ ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ.

ಹೊಸ ಚೀಟಿಯಲ್ಲಿ ತಾರೀಖು ಹೇಗೆ ಬರೆಯುವುದೆಂದು ಮತ್ತೆ ನಮ್ಮ ಜಗಳ ಶುರುವಾಯಿತು. ಅಜ್ಜಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಬರೆದರು: ಆದಷ್ಟು ಬೇಗ.