ಗಗನ ತಂದುಕೊಟ್ಟ ವರದಿ

ಮಗಳೇ ಮಿತ್ರ,

ಐದೂವರೆಗೇ ಡ್ಯೂಟಿ, ನಿನ್ನನ್ನು ಎಬ್ಬಿಸಲಿಲ್ಲ. ಇಡ್ಲಿ ಪಾತ್ರೆಯಲ್ಲಿದೆ, ತಿಂದೇ ಹೊರಡು. ಬರೀ ಕಾಫಿ ಕುಡಿದು ಹೋಗಿ, ವರದಿ ಒಪ್ಪಿಸುವಾಗ ಮೇಷ್ಟ್ರ ಮುಂದೆ ತಲೆ ತಿರುಗಿ ಬೀಳಬೇಡ. ಏಳಕ್ಕೆ ನೀರು ಬಿಡ್ತಾರೆ, ಡ್ರಮ್ ತುಂಬಿಸು.

ಮೇಜಿನ ಮೇಲಿರುವ ಕವರ್ ಗಗನ ತಂದಿದ್ದು. ನಿನ್ನೆ ನೀನು ಲೈಬ್ರರಿಯಲ್ಲಿದ್ದಾಗ ಕೆಸರೆಯಿಂದ ಎರಡು ಬಸ್ ಹತ್ತಿ ಬಂದಿದ್ದಳು. "ನಾನು ಕೊಟ್ಟೆ ಅಂತ ಹೇಳ್ಬೇಡಿ ಅಂಕಲ್" ಅಂದಳು. ನಾನು ಹೇಳ್ತಿದ್ದೀನಿ. ವರದಿಯ ಮೇಲೆ ನಿನ್ನ ಹೆಸರನ್ನೇ ಮೊದಲು ಹಾಕಿಸಿದ್ದಾಳೆ ಕಣಮ್ಮ. ಯಾರ ಹೆಸರು ಮೊದಲು ಅನ್ನೋದಕ್ಕೇ ಅಲ್ವಾ ಇಬ್ಬರೂ ಎಂಟು ದಿನದಿಂದ ಮಾತು ಬಿಟ್ಟಿದ್ದು?

ನಾನೂ ಕೂತು ಓದಿದೆ. ಇನ್ನೂರು ಜನ ವಿದ್ಯಾರ್ಥಿಗಳನ್ನು ಕೇಳಿ, ಕಷ್ಟಸುಖ ಹೇಳಿಕೊಳ್ಳೋಕೆ ಒಬ್ಬರಾದರೂ ಸ್ನೇಹಿತರಿದ್ದವರು ಓದಿನಲ್ಲೂ ಮುಂದಿದ್ದಾರೆ ಅಂತ ಬರೆದಿದ್ದೀರಿ. ಬರೆದವರೇ ಮುಖ ತಿರುಗಿಸಿಕೊಂಡು ನಿಂತರೆ ಮೇಷ್ಟ್ರು ನಂಬೋದು ಹೇಗೆ?

ಒಂಬತ್ತಕ್ಕೆ ನೀನು ಬಸ್ ಸ್ಟಾಪಿನಲ್ಲಿ ಕಾಯ್ತಿರ್ತೀಯ ಅಂತ, ನಿನ್ನನ್ನು ಕೇಳದೆ ಅವಳಿಗೆ ಮಾತು ಕೊಟ್ಟುಬುಟ್ಟಿದ್ದೀನಿ. ಕೋಪ ಬಂದರೆ ಸಂಜೆ ನನ್ನ ಮೇಲೆ ತೀರಿಸ್ಕೋ. ಈಗ ಹೋಗಿ ನಿಂತ್ಕೋ.

ಅಪ್ಪ