ಮೊಣಕಾಲುದ್ದ ನೀರು

ಗುರುವಾರ, ಸಂಜೆ

ಅಕ್ಕಾ,

ನದಿ ಉಕ್ಕಿದರೆ ಮೊದಲು ನಮ್ಮ ಬೀದಿಗೆ ಸುದ್ದಿ ಕೊಡುತ್ತೇವೆ ಎಂದರು ಕಂಪನಿಯವರು, ಕೊಟ್ಟದ್ದು ಕೊನೆಗೆ. ನಿಮ್ಮ ಆಫೀಸಿನ ಕ್ವಾಂಟಮ್ ಯಂತ್ರ ಪ್ರತಿ ಬೀದಿಯ ನೀರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ ಎಂದರು; ಹಾಕಿಸಲಿಲ್ಲ. ತಪ್ಪಾದರೆ ಬಂದು ಉತ್ತರ ಹೇಳುತ್ತೇವೆ ಎಂದರು. ಈಗ ‘ಯಂತ್ರ ಎಡವಿತು’ ಎಂದು ಒಂದು ಸಾಲು ಅಂಟಿಸಿ ಬಾಗಿಲು ಹಾಕಿಕೊಂಡಿದ್ದಾರೆ.

ಹೇಗಿದ್ದೀಯ? ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮನೆಯ ಕೆಸರು ಎತ್ತುವುದರಲ್ಲೇ ದಿನ ಹೋಯಿತು. ಕಂಪನಿಯ ಬಣ್ಣದ ಕಾರ್ಖಾನೆಯ ನೀರೂ ಸೇರಿತ್ತಲ್ಲ, ಗೋಡೆಯ ಮೇಲೆ ನನ್ನ ಕುತ್ತಿಗೆ ಮಟ್ಟಕ್ಕೆ ನೀಲಿ ಗೆರೆ ಉಳಿದಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಹೋದ ಸಲ ಬಂದಾಗ ಅಡುಗೆಮನೆಯಲ್ಲಿ ಕೂತು ನೀನು ಹೇಳಿದ್ದು ನೆನಪಿದೆಯಾ? “ಉಕ್ಕೋ ನದಿಗೆ ಹುಚ್ಚು ಕಣೋ. ಮೇಲೆಲ್ಲೋ ಒಂದು ಕಲ್ಲು ಸರಿದ್ರೆ ಕೆಳಗೆ ದಾರಿನೇ ಬದಲಾಗುತ್ತೆ. ಆ ದಾರಿಗಳನ್ನೆಲ್ಲ ನಮ್ಮ ಮೆಷಿನ್ ಒಟ್ಟಿಗೇ ನಡೆಸುತ್ತೆ. ಆದ್ರೆ ಚಿತ್ರ ಪೂರ್ತಿ ಕೈಗೆ ಕೊಡಲ್ಲ. ಏನು ಕೇಳ್ತೀಯೋ ಅದಕ್ಕಷ್ಟೇ ಉತ್ತರ. ಇನ್ನೊಂದು ಕೇಳ್ಬೇಕಂದ್ರೆ ಮೊದಲಿಂದ ಶುರು.”

“ಅಷ್ಟು ದೊಡ್ಡ ಮೆಷಿನ್‌ಗೆ ಇಷ್ಟೇ ಬಾಯಾ? ನಮ್ಮ ಮೇಸ್ತ್ರಿನೇ ವಾಸಿ,” ಎಂದೆ. ಅಮ್ಮನೂ ನಕ್ಕಳು. ಕೇಳುವವರು ಯಾರು ಎಂದು ವಿಚಾರಿಸಬೇಕಿದ್ದ ಹೊತ್ತಿನಲ್ಲಿ ನಾವು ನಗುತ್ತಿದ್ದೆವು.

ಕಂಪನಿಯ ಗೋದಾಮಿಗಾಗಿ ಯಂತ್ರವನ್ನು ಪ್ರತ್ಯೇಕವಾಗಿ ಕೇಳಿದರು. ನೀರು ಬರುವ ಮೊದಲೇ ಬಟ್ಟೆಯ ಥಾನುಗಳು ಮೇಲಿನ ಮಹಡಿ ಹತ್ತತೊಡಗಿದವು. ಹೊತ್ತವರು ಅಲ್ಲಿ ಕೂಲಿಗಿರುವ ನಾವೇ. “ಯಾಕೆ ಸಾರ್?” ಅಂದರೆ “ಮಾಮೂಲು ಕಣಯ್ಯ, ಹೊರು” ಅಂದರು. ನಮಗೆ? ಇಡೀ ದಂಡೆಗೆ ಒಂದೇ ಪ್ರಶ್ನೆ: ಸರಾಸರಿ ಎಷ್ಟು ನೀರು? ಮೊಣಕಾಲುದ್ದ ಎಂದಿತು ಯಂತ್ರ. ಅದನ್ನೇ ನಮ್ಮ ಬೀದಿಗೂ ಸಾರಿದರು. ಅದು ಸುಳ್ಳು ಹೇಳಲಿಲ್ಲ ಅಕ್ಕಾ. ದಿಬ್ಬದ ಮನೆಗಳ ಒಣ ನೆಲವನ್ನೂ ತಗ್ಗಿನ ನಮ್ಮ ಬೀದಿಯನ್ನೂ ಕೂಡಿಸಿದರೆ ಅಷ್ಟೇ ಬರುತ್ತದೆ. ಸರಾಸರಿಯೊಳಗೆ ಯಾರ ಮನೆಯೂ ಇಲ್ಲ.

ಆ ಪ್ರಶ್ನೆ ಕೇಳಿದ ಕೋಣೆಯಲ್ಲಿ ನೀನಿದ್ದೆ. ಹೀಗೆ ಕೇಳಬೇಡಿ ಎಂದೆಯಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಅದನ್ನು ಬೀದಿಯ ಸಭೆಗೆ ಬಂದು ಹೇಳು. ಕೆಲಸ ಹೋಗಬಹುದು, ಗೊತ್ತಿದ್ದೇ ಕರೆಯುತ್ತಿದ್ದೇನೆ.

“ಚೆನ್ನಾಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡಲಿ ಅಂತ ಬರಿ” ಅಂದಳು ಚಿಕ್ಕಮ್ಮ. ಬರೆದಿದ್ದೇನೆ.

ನಿನ್ನ ತಮ್ಮ

ತಾ.ಕ.: ಅಮ್ಮನನ್ನು ಮಣ್ಣು ಮಾಡಿದ ದಿನ ನಿನಗೆ ಹೇಳಲು ಬಾಯಿ ಬರಲಿಲ್ಲ. ನೀರು ಹೊಸ್ತಿಲು ದಾಟಿದಾಗ ಪಕ್ಕದ ಮನೆಯವರು ಅವಳ ಕೈಹಿಡಿದು ಎಳೆದರಂತೆ. ಮಂಚದ ಮೇಲೆ ಕಾಲು ಮಡಚಿ ಕೂತು, “ನನ್ನ ಮಗಳ ಮೆಷಿನ್ ಮೊಣಕಾಲುದ್ದ ಅಂದಿದೆ. ಇಷ್ಟಕ್ಕೆಲ್ಲ ಹೆದರ್ತಾರಾ, ಹೋಗ್ರೇ,” ಎಂದಳಂತೆ. ನಾನು ಆಗ ಕಂಪನಿಯ ಕೊನೆಯ ಥಾನುಗಳನ್ನು ಮಹಡಿಗೆ ಹೊರುತ್ತಿದ್ದೆ. ಈ ಮಾತನ್ನು ಸಭೆಯಲ್ಲಿ ಎತ್ತುವುದಿಲ್ಲ. ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಸಭೆ ಕಾರ್ಖಾನೆಯ ಗೇಟಿನ ಮುಂದೆ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.