ಕ್ಯೋಟೊ ಬುತ್ತಿ

ನ್ಯೂರೆಂಬರ್ಗ್
19 ಮಾರ್ಚ್ 2002

ರೀ,

ನಿಮಗೆ ಮಧುಮತಿ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನೊಬ್ಬಳೇ. ಅಲ್ಲಿ ಓಸಾಕಾದಲ್ಲಿ, ಆಫೀಸಿನ ಕೆಲಸಕ್ಕೆಂದು ಇಲ್ಲಿಂದ ಹೋದ ನೀವೂ ಉದಯಕುಮಾರರೂ ಉಳಿದಿಬ್ಬರು ಹುಡುಗರೂ ಅರೆಹೊಟ್ಟೆಯಲ್ಲಿದ್ದೀರೆಂದು ತಿಳಿಯಿತು. ಅದೂ ನಿಮ್ಮಿಂದ ತಿಳಿದದ್ದಲ್ಲ.

ಹೋದ ತಿಂಗಳು ಫೋನಿನಲ್ಲಿ ನೀವು, "ಕ್ಯೋಟೊ ಅಂತ ಹಳೇ ರಾಜಧಾನಿ ಐತಿ, ಇಲ್ಲಿಂದ ಅರ್ಧಾ ತಾಸು. ಬಾ, ಮೂರು ದಿನ ಅಡ್ಡಾಡೂಣು. ಪ್ಲಾನ್ ನೀನ ಮಾಡು" ಅಂದಿರಿ. ಮದುವೆಯಾದ ಮೇಲೆ ತಿರುಗಾಡಲು ಕರೆದದ್ದು ಅದೇ ಮೊದಲು. ನಾನು ಮರುಳಾದೆ. ಲೈಬ್ರರಿಯಿಂದ ಜರ್ಮನ್ ಪುಸ್ತಕ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಮೊದಲ ದಿನ ಕೆರೆಯ ದಂಡೆಯ ಚಿನ್ನದ ರೇಕಿನ ಮಂದಿರ. ಮರುದಿನ ಬೆಟ್ಟದ ತುಂಬ ಸಾಲುಗಟ್ಟಿದ ಕೆಂಪು ಕಮಾನುಗಳು. ಕೊನೆಯ ದಿನ ಬರೀ ಕಲ್ಲು, ಮರಳಿನ ತೋಟ. ಅಲ್ಲಿ ಜನ ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತಿರುತ್ತಾರಂತೆ.

ಅಲ್ಲಿ ಕೂತು ನಿಮ್ಮನ್ನೊಂದು ಮಾತು ಕೇಳುವವಳಿದ್ದೆ. ನಾನು ನಿಮಗೆ ಬೇಕೋ, ಬೇಡವೋ. ಬೇಕೆಂದರೆ ಇಲ್ಲಿರುತ್ತೇನೆ, ಬೇಡವೆಂದರೆ ಹುಬ್ಬಳ್ಳಿಗೆ ಹೋಗಿ ಮತ್ತೆ ಜನರ ಹಲ್ಲು ಕೀಳುತ್ತೇನೆ. ಜರ್ಮನಿಯ ಗ್ರೀನ್ ಕಾರ್ಡ್ ನಿಮ್ಮದು. ನನ್ನ ಪಾಸ್‌ಪೋರ್ಟಿನಲ್ಲಿರುವುದು ಕೆಲಸ ಮಾಡಕೂಡದೆಂಬ ಮುದ್ರೆ. ಡೆಂಟಿಸ್ಟ್ ಆದವಳು ಇಲ್ಲಿಗೆ ಬಂದಾಗಿನಿಂದ ಕನ್ನಡಿಯಲ್ಲಿ ನನ್ನ ಹಲ್ಲನ್ನೇ ನೋಡಿಕೊಂಡಿದ್ದೇನೆ.

ಬರುವಾಗ ಕಟಕ ರೊಟ್ಟಿ ತಾ ಎಂದಿರಿ. ನಮ್ಮ ಕಡೆ ಬುತ್ತಿಯಿಲ್ಲದೆ ಯಾರು ಊರು ನೋಡಲು ಹೋಗುತ್ತಾರೆ? ಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚುವುದನ್ನು ನೆನೆದು ನಾಚಿಕೊಂಡೆ ಕೂಡ. ಎರಡು ನೂರು ರೊಟ್ಟಿ ಎಂದಾಗಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ರವಿವಾರ ರೊಟ್ಟಿ ಬಡಿಯುತ್ತ ಕೂತರೆ ಕೆಳಮನೆಯ ಮುದುಕಿ ಮೇಲೆ ಬಂದು, ಇವತ್ತು ರೂಹೆಟ್ಸೈಟ್, ಸದ್ದು ಮಾಡಬಾರದು ಎಂದು ಗದರಿಸಿ ಹೋದಳು. ದಿಂಬಿನ ಮೇಲೆ ಮಣೆ ಇಟ್ಟುಕೊಂಡು ಮೆಲ್ಲಗೆ ತಟ್ಟಿದೆ.

ಮೊನ್ನೆ ಟ್ರಾಮಿನಲ್ಲಿ ಉದಯಕುಮಾರರ ಹೆಂಡತಿ ಪವಿ ಸಿಕ್ಕಳು. ಪಾಪ, ನನಗೇನೂ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ. "ಅಕ್ಕಾ, ಅಲ್ಲಿ ಯಾವ ಸಾರಿಗೂ ಮೀನಿನ ನೀರು ಹಾಕ್ತಾರಂತ. ನಾಕೂ ಮಂದಿ ಬರೇ ಬಿಸ್ಕೀಟ್ ತಿಂದು ಸಾಕಾಗ್ಯಾರ. ಯಾರ ಹೆಂಡತೀನ್ನ ಕರಸೋದಂತ ಕೂಡಿ ಮಾತಾಡಿದ್ರಂತ. ಕಡೀಕ ನಿಮ್ಮ ರೊಟ್ಟೀನ ತೆಳ್ಳಗ ಇರ್ತಾವಂತ ನಿಮ್ಮ ಹೆಸರು ಬಂತು" ಎಂದು ಖುಷಿಯಿಂದ ಹೇಳಿದಳು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಆದರೂ ಆಸೆ ಬಿಡಲಿಲ್ಲ ನೋಡಿ. ನಿನ್ನೆ ಫೋನ್ ಮಾಡಿ, ಜಪಾನಿನ ವೀಸಾ ಸಿಗಲಿಲ್ಲ, ಬರಲಾಗುವುದಿಲ್ಲ ಎಂದೆ. ಛೆ ಎಂದೋ, ಬೇಜಾರಾಯಿತೆಂದೋ ಒಂದು ಮಾತು ಬರಲೆಂದು ಕಾದೆ. ನೀವು, "ಹಂಗಾದ್ರ ರೊಟ್ಟಿ ಪಾರ್ಸಲ್ ಮಾಡು, ಮುರೀಧಂಗ ಕಟ್ಟು" ಅಂದಿರಿ.

ಕಟ್ಟಿದ್ದೇನೆ. ಅನ್ನದ ಮೇಲೆ ನನಗೇನೂ ಸಿಟ್ಟಿಲ್ಲ. ಶೇಂಗಾ ಚಟ್ನಿಯೂ ಇದೆ, ಎಲ್ಲರೂ ಹಂಚಿಕೊಂಡು ತಿನ್ನಿ.

ಇಂತಿ,
ಮಧುಮತಿ

ತಾ.ಕ.: ವೀಸಾ ಸಿಕ್ಕಿದೆ. ನಿಮಗೆ ಹೇಳಿದ್ದು ಸುಳ್ಳು. ಈ ಪತ್ರವನ್ನು ಬೇಕೆಂದೇ ಪಾರ್ಸಲಿನಲ್ಲಿಡದೆ, ತಡವಾಗಿ ತಲುಪಲೆಂದು ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ನಾನು ನಿಮ್ಮಿಂದ ಅರ್ಧ ತಾಸಿನ ದೂರದಲ್ಲಿ ಮೂರು ದಿನ ಒಬ್ಬಳೇ ಅಡ್ಡಾಡಿ, ಹುಬ್ಬಳ್ಳಿ ಸೇರಿರುತ್ತೇನೆ. ನ್ಯೂರೆಂಬರ್ಗಿನ ಮನೆಯ ಕೀಲಿ ಪವಿಯ ಹತ್ತಿರ ಇದೆ.